ಹೊರಗೆ ಮೇಯಿಸುವುದಾ, ಕಟ್ಟಿ ಸಾಕುವುದಾ, ಮೂಟೆ ಫೀಡಾ? ಕುರಿ–ಮೇಕೆ ಮೇವಿನ ಹೋಲಿಕೆ

ಮಳವಳ್ಳಿ, ಬನ್ನೂರು ಕಡೆ ಇಬ್ಬರು ಕುರಿ ಸಾಕುವವರು ಎದುರಾದರೆ ಮಾತು ಶುರುವಾಗುವುದೇ ತಳಿಯಿಂದ. "ಅಸಲಿ ಬಂಡೂರಾ ಅಣ್ಣ, ಇಲ್ಲಾ ಬೆರಕೆನಾ?" ಮೇವಿನ ಮಾತು ಬರುವುದು ಆಮೇಲೆ, ಅದೂ ಹಿಂಡಿ ರೇಟು ಏರಿದಾಗ. ತಳಿ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಈ ಕುರಿ ಹೊರಗಿನವರಿಗೆ ಬನ್ನೂರು ಕುರಿ, ತಳಿಪಟ್ಟಿಯಲ್ಲಿ ಮಂಡ್ಯ ಕುರಿ. ಗಿಡ್ಡ ಕಾಲು, ಅಗಲ ಮೈ. ಹಿಂದಿನಿಂದ ನೋಡಿದರೆ ತೊಡೆಗಳು ಬೋರಲು ಹಾಕಿದ 'ಯು' ಅಕ್ಷರದ ಆಕಾರದಲ್ಲಿ ತುಂಬಿಕೊಂಡಿರುತ್ತವೆ. ಮಾಂಸದ ಎಳೆಗಳ ನಡುವೆ ನೆಣ ಸಣ್ಣಗೆ ಹರಡಿಕೊಳ್ಳುವುದು ಅದರ ಹುಟ್ಟುಗುಣ. ಆದರೆ ಆ ಗುಣ ಬಾಡಿನಲ್ಲಿ ಕಾಣಬೇಕಾದರೆ ಹೊಟ್ಟೆಗೆ ಬಿದ್ದ ಮೇವೂ ಸರಿಯಿರಬೇಕು. ಬರೀ ಒಣಹುಲ್ಲಿನಲ್ಲಿ ಬೇಸಿಗೆ ಕಳೆದ ಬಂಡೂರು ಟಗರಿಗಿಂತ, ಚೆನ್ನಾಗಿ ಮೇಯ್ದ ಬೆರಕೆ ಮರಿಯ ಬಾಡು ಎಷ್ಟೋ ವಾಸಿ.

ಹತ್ತರಿಂದ ಐವತ್ತು ಕುರಿ, ಮೇಕೆ ಇಟ್ಟುಕೊಂಡು "ಹೊರಗೆ ಬಿಡೋದಾ, ಕಟ್ಟಿ ಹಾಕೋದಾ, ಅಂಗಡಿ ಫೀಡ್ ತರೋದಾ" ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥದ್ದೇ ಮೇವು ಎಲ್ಲರಿಗೂ ಒಳ್ಳೆಯದು ಅಂತ ಹೇಳಲು ಬರುವುದಿಲ್ಲ. ನೀವು ಏನನ್ನು ಮಾರುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ.

ಮೊದಲು ಗಿರಾಕಿ ಯಾರು ನೋಡಿ

ಸಂತೆಯಲ್ಲಿ ಜೀವತೂಕಕ್ಕೆ ಮಾರುವವರಿಗೆ ತೂಕವೇ ದುಡ್ಡು. ಬಕ್ರೀದಿಗೆ ಟಗರು ಬೆಳೆಸುವವರಿಗೆ ನೋಟ, ಮೈಹೊಳಪು, ಎತ್ತರ ಬೇಕು. ಹೊಸತೊಡಕಿಗೆ ಊರಲ್ಲೇ ಕೊಯ್ಯಿಸಿ ಗುಡ್ಡೆ ಬಾಡು ಹಾಕುವವರಿಗೆ ರುಚಿ ಮುಖ್ಯ. ಯಾಕೆಂದರೆ ತಿನ್ನುವವರೂ ಕೊಟ್ಟವರೂ ಒಂದೇ ಬೀದಿಯವರು, ಮುಂದಿನ ಯುಗಾದಿಯವರೆಗೂ ಆ ಮಾತು ಇರುತ್ತದೆ. ಮೈಸೂರಿನ ಮನೆಗಳಿಗೆ ಮೇಕೆ ಹಾಲು ಕೊಡುವವರಿಗೆ ವಾಸನೆಯಿಲ್ಲದ, ಗಟ್ಟಿ ಹಾಲು ಬೇಕು. ಈ ನಾಲ್ವರೂ ಒಂದೇ ಮೇವು ಹಾಕಿದರೆ ಇಬ್ಬರಿಗಾದರೂ ನಷ್ಟ.

ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಪೂರ್ತಿ ಹೊರಗಿನ ಮೇವು: ಬೆಳಿಗ್ಗೆ ಬಿಟ್ಟು ಸಂಜೆ ರೊಪ್ಪಕ್ಕೆ ಕೂಡುವುದು. ಎರಡನೆಯದು ಹಗಲು ಮೇಯಿಸಿ, ಸಂಜೆ ಗೋದಲಿಗೆ ಹೊಟ್ಟು, ಸೊಪ್ಪು, ಒಂದಿಷ್ಟು ಕಾಳು–ಹಿಂಡಿ ಹಾಕುವುದು. ಮೂರನೆಯದು ಹೊರಗೇ ಬಿಡದೆ ಕೊಟ್ಟಿಗೆಯಲ್ಲಿ ಅಥವಾ ಅಟ್ಟಣಿಗೆ ಮೇಲೆ ಸಾಕುವುದು. ಈ ಮೂರನೆಯದರಲ್ಲೇ ಎರಡು ಬಗೆ ಇದೆ. ಸೊಪ್ಪು–ಹುಲ್ಲು ಹೆಚ್ಚಿಟ್ಟು ಸಾಕುವವರು ಒಂದು ಕಡೆ, ಮೂಟೆ ಫೀಡಿನ ಮೇಲೆ ಬೇಗ ಕೊಬ್ಬಿಸುವವರು ಇನ್ನೊಂದು ಕಡೆ. ಬಾಡಿನ ರುಚಿಯಲ್ಲಿ ಇವೆರಡಕ್ಕೂ ತುಂಬಾ ದೂರ.

ಬಾಡಿನ ಮಟ್ಟಿಗೆ

ವ್ಯತ್ಯಾಸ ಕಣ್ಣಾರೆ ನೋಡಬೇಕಾದರೆ ಬೆಳಿಗ್ಗೆ ಬೇಗ ಮಟನ್ ಅಂಗಡಿಗೆ ಹೋಗಿ, ಕೊಕ್ಕೆಗೆ ನೇತುಹಾಕಿದ ಎರಡು ಟಗರನ್ನು ಪಕ್ಕಪಕ್ಕ ನೋಡಿ. ಹೊರಗೆ ಮೇಯ್ದದ್ದರ ಮಾಂಸ ಗಾಢ ಕೆಂಪು. ಬೆನ್ನ ಮೇಲೆ ನೆಣ ತೆಳ್ಳಗೆ, ಮುಟ್ಟಿದರೆ ಮೇಣದಷ್ಟು ಗಟ್ಟಿ. ಫೀಡಿನ ಮೇಲೆ ಬೆಳೆದದ್ದರ ಮಾಂಸ ಕೊಂಚ ತಿಳಿ ಬಣ್ಣ. ಬೆನ್ನು, ಬಾಲದ ಬುಡದಲ್ಲಿ ನೆಣ ದಪ್ಪ, ಒತ್ತಿದರೆ ಬೆರಳು ಇಳಿಯುತ್ತದೆ. ಹೊಟ್ಟೆ ಸೀಳಿದಾಗ ಗುಂಡಿಕಾಯಿ (ಮೂತ್ರಪಿಂಡ) ಸುತ್ತ ನೆಣದ ಗಡ್ಡೆ. ಒಮ್ಮೆ ಅಂಗಡಿಯವರು ಅದನ್ನು ಕೈಯಲ್ಲಿ ಹಿಡಿದು ತೋರಿಸಿ, "ನೋಡಣ್ಣ, ಇದಕ್ಕೆ ಬರೀ ಜೋಳ ಹಾಕವ್ರೆ. ಇದನ್ನ ಯಾವ ಗಿರಾಕಿಗೆ ತೂಗ್ಲಿ?" ಅಂದರು. ಸಾಕಿದವರು ಆ ನೆಣಕ್ಕೂ ಫೀಡಿನ ದುಡ್ಡು ಸುರಿದಿರುತ್ತಾರೆ.

ಹೀಗಾಗುವುದು ಯಾಕೆ? ಕುರಿಯ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಮೇವನ್ನು ಮೊದಲು ತಿನ್ನುವುದು ಅವು, ಕುರಿ ಬದುಕುವುದು ಅವು ಬಿಟ್ಟುಕೊಡುವುದರಲ್ಲಿ. ನಾರಿನ ಮೇವು ಹೋದರೆ ಅಸಿಟಿಕ್ ಆಮ್ಲ ಜಾಸ್ತಿ ತಯಾರಾಗುತ್ತದೆ. ಕಾಳು, ಹಿಟ್ಟು ಹೋದರೆ ಪ್ರೊಪಿಯೋನಿಕ್ ಆಮ್ಲ ಜಾಸ್ತಿ. ಈ ಎರಡನೆಯದರಿಂದ ಮೈಗೆ ಸಕ್ಕರೆ ಸಿಗುತ್ತದೆ, ಬೆಳವಣಿಗೆ ಜೋರಾಗುತ್ತದೆ, ನೆಣ ಕಟ್ಟುತ್ತದೆ. ಅದು ಅತಿಯಾದರೆ ಮರಿಯ ಮೈಯಲ್ಲಿ ಕೂರುವ ಕೊಬ್ಬಿನ ಬಗೆಯೇ ಬದಲಾಗಿ ನೆಣ ಮೆತ್ತಗಾಗುತ್ತದೆ. ಇಂಥ ಬಾಡು ಹುರಿಯುವಾಗ ಎಣ್ಣೆ ಬಿಡುತ್ತದೆ, ತಣ್ಣಗಾದರೂ ಗಟ್ಟಿಯಾಗುವುದಿಲ್ಲ.

ಹಸಿರಿನ ಕೊಡುಗೆ ಬೇರೆ. ಎಲೆ–ಹುಲ್ಲಿನಲ್ಲಿ ಲಿನೋಲೆನಿಕ್ ಆಮ್ಲವಿದೆ, ಅದು ಒಮೆಗಾ-3 ಗುಂಪಿನದು. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಲ್ಲಿ ಬಹುಪಾಲನ್ನು ಗಟ್ಟಿ ಕೊಬ್ಬಾಗಿ ಬದಲಾಯಿಸಿದರೂ ಸ್ವಲ್ಪ ತಪ್ಪಿಸಿಕೊಂಡು ಮಾಂಸ ಸೇರುತ್ತದೆ. ಕಾಳಿನ ಮೇಲೆ ಬೆಳೆದ ಮಾಂಸದಲ್ಲಿ ಒಮೆಗಾ-6 ಜಾಸ್ತಿ. ಹಸಿರು ಮೇವಿನಿಂದ ವಿಟಮಿನ್ ಇ ಕೂಡ ಚೆನ್ನಾಗಿ ಸಿಗುತ್ತದೆ. ಅದಿದ್ದರೆ ಕೊಯ್ದ ಮಾಂಸ ಹೆಚ್ಚು ಹೊತ್ತು ಕೆಂಪಾಗಿರುತ್ತದೆ, ನೆಣ ಬೇಗ ಕಮಟು ವಾಸನೆ ಹಿಡಿಯುವುದಿಲ್ಲ. ಹಳೇ ಭತ್ತದ ಹುಲ್ಲು, ಹಳೇ ಕಾಳಿನಲ್ಲಿ ಅದು ಕಡಿಮೆ. ಬಾಡನ್ನು ಫ್ರಿಡ್ಜಿನಲ್ಲಿಟ್ಟು ಮಾರುವ ಅಂಗಡಿಗೆ ಕೊಡುವವರು ಇದನ್ನು ನೆನಪಿಡಬೇಕು.

ವಾಸನೆಯ ವಿಷಯದಲ್ಲಿ ಜನ ಅಂದುಕೊಂಡಿರುವುದಕ್ಕೂ ನಿಜಕ್ಕೂ ವ್ಯತ್ಯಾಸವಿದೆ. "ಹಸಿರು ಮೇಯ್ದ ಕುರಿಗೆ ವಾಸನೆಯೇ ಇರಲ್ಲ" ಅನ್ನುತ್ತಾರೆ. ಹಾಗಲ್ಲ. ಕುದುರೆ ಮಸಾಲೆಯಂಥ ಎಳೇ ಹಸಿರನ್ನೇ ಹೊಟ್ಟೆ ತುಂಬ ಹಾಕಿದರೆ ಅದರ ಪ್ರೋಟೀನು ಮೊದಲ ಹೊಟ್ಟೆಯಲ್ಲಿ ಬೇಗ ಒಡೆದು ಸ್ಕಾಟೋಲ್ ಎಂಬ ವಸ್ತು ತಯಾರಾಗುತ್ತದೆ. ಅದು ನೆಣದಲ್ಲಿ ಕೂತು ಘಾಟು ಕೊಡುತ್ತದೆ. ಕಾಳು ತಿಂದ ಮಾಂಸದಲ್ಲಿ ಈ ಘಾಟು ಕಡಿಮೆ. ಜಾಲಿ ಕಾಯಿ, ಜಾಲಿ ಸೊಪ್ಪಿನಂಥ ಒಗರು ಮೇವಿನಲ್ಲಿ ಟ್ಯಾನಿನ್ ಇರುತ್ತದೆ. ಅದು ಪ್ರೋಟೀನನ್ನು ಹಿಡಿದಿಟ್ಟುಕೊಂಡು ಸ್ಕಾಟೋಲ್ ಆಗುವುದನ್ನು ತಗ್ಗಿಸುತ್ತದೆ. ಹುಲ್ಲು, ಒಗರು ಸೊಪ್ಪು, ಹೊಟ್ಟು ಎಲ್ಲಾ ಬೆರೆಸಿ ತಿಂದ ನಮ್ಮ ಹಳ್ಳಿ ಟಗರಿನ ರುಚಿಯನ್ನು ಮೂಟೆಯಿಂದ ತರಲು ಆಗದಿರುವುದು ಇದೇ ಕಾರಣಕ್ಕೆ.

ಮೆದುತನ ಮಾತ್ರ ಮೇವಿಗಿಂತ ವಯಸ್ಸಿನ ಮಾತು. ಹೊರಗೆ ಮೇಯುವ ಟಗರು ಮಾರುವ ತೂಕಕ್ಕೆ ಬರುವಷ್ಟರಲ್ಲಿ ವಯಸ್ಸಾಗಿರುತ್ತದೆ, ನಡೆದು ನಡೆದು ತೊಡೆ ಗಟ್ಟಿಯಾಗಿರುತ್ತದೆ. ಸಂಜೆ ಕೈಮೇವು, ಅಂದರೆ ಕಾಳು–ಹಿಂಡಿಯ ಮಿಶ್ರಣ ಸಿಕ್ಕರೆ ಅದೇ ತೂಕ ತಿಂಗಳುಗಟ್ಟಲೆ ಮೊದಲೇ ಬರುತ್ತದೆ, ಮಾಂಸ ಎಳೆಯದಾಗಿರುತ್ತದೆ. ಹೊರಗಿನ ಮೇವೊಂದೇ ಸಾಕು ಎನ್ನುವವರ ವಾದವನ್ನು ನಾನು ಪೂರ್ತಿ ಒಪ್ಪದಿರುವುದು ಇಲ್ಲೇ. ಸೊಪ್ಪು–ಹುಲ್ಲಿನ ರುಚಿಯೂ ಬೇಕು, ಎಳೇ ವಯಸ್ಸೂ ಬೇಕು ಅಂದರೆ ಎರಡನೇ ದಾರಿಯೇ ಸರಿ.

ತೂಕದ ಬಗ್ಗೆಯೂ ಒಂದು ಮಾತು. ಕುರಿಯ ಜೀವತೂಕದಲ್ಲಿ ಬಾಡಾಗಿ ಸಿಗುವುದು ಸುಮಾರು 45ರಿಂದ 50 ಶೇಕಡಾ. ಹುಲ್ಲು ಮೇಯ್ದದ್ದರ ಹೊಟ್ಟೆಯಲ್ಲಿ ಮೇವು, ನೀರು ಜಾಸ್ತಿ ಇರುವುದರಿಂದ ಈ ಪಾಲು ಇಳಿಯುತ್ತದೆ. ಕಾಳು ತಿಂದದ್ದಕ್ಕೆ ಏರುತ್ತದೆ. ಅಂಗಡಿಯವರಿಗೆ ಇದು ಗೊತ್ತು. ಅದಕ್ಕೇ ಅವರು ಹೊಟ್ಟೆ ನೋಡಿ ರೇಟು ಹೇಳುವುದಿಲ್ಲ, ಬೆನ್ನಮೂಳೆ ಪಕ್ಕ, ಬಾಲದ ಬುಡ ಹಿಚುಕಿ ನೋಡಿ ಹೇಳುತ್ತಾರೆ. ಮಾರುವ ದಿನ ಉಪ್ಪು ತಿನ್ನಿಸಿ ನೀರು ಕುಡಿಸಿ ತೂಕ ಏರಿಸುವುದು ಒಂದು ಸಲ ನಡೆಯಬಹುದು. ಎರಡನೇ ಸಲ ಆ ಗಿರಾಕಿ ಬರುವುದಿಲ್ಲ.

ಕುರಿಯ ಲೆಕ್ಕ ಮೇಕೆಗೆ ಹಾಕಬೇಡಿ

ಕುರಿಗೆ ಕಾಳು ಹಾಕಿದರೆ ನೆಣ ಹೆಚ್ಚಾಗಿ ಚರ್ಮದ ಕೆಳಗೆ, ಎಳೆಗಳ ನಡುವೆ ಕೂರುತ್ತದೆ. ಮೇಕೆಯ ಮೈ ಹಾಗಲ್ಲ. ಅದರ ನೆಣ ಮೊದಲು ಕೂರುವುದು ಹೊಟ್ಟೆಯೊಳಗೆ, ಕರುಳಿನ ಮೇಲೆ, ಗುಂಡಿಕಾಯಿ ಸುತ್ತ. ಮೇಕೆಗೆ ಫೀಡು ಎಷ್ಟು ಸುರಿದರೂ ಬಾಡು ಬಂಡೂರು ಕುರಿಯದ್ದಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ, ಯಾಕೆಂದರೆ ಮೇಕೆ ಬಾಡು ಕೇಳಿ ಬರುವವರಿಗೆ ಬೇಕಿರುವುದೇ ನೆಣ ಕಡಿಮೆಯಿರುವ ಬಾಡು.

ಮೇಕೆ ಬಾಯಿಯೂ ಬೇರೆ. ಕುರಿ ತಲೆ ತಗ್ಗಿಸಿ ಹುಲ್ಲು ಕೀಳುತ್ತದೆ, ಮೇಕೆ ಕತ್ತೆತ್ತಿ ಸೊಪ್ಪು ಹುಡುಕುತ್ತದೆ. ಗೋದಲಿಯಲ್ಲಿ ನೇಪಿಯರ್ ಹುಲ್ಲು ತುಂಬಿಟ್ಟು "ಮೇಕೆ ತಿನ್ನಲ್ಲ" ಎಂದು ಬೈದರೆ ಏನು ಪ್ರಯೋಜನ? ಹಲಸು, ಅತ್ತಿ, ಅಗಸೆ ಸೊಪ್ಪಿನ ಕೊಂಬೆಯನ್ನು ಕಟ್ಟು ಮಾಡಿ ಅದರ ತಲೆಗಿಂತ ಮೇಲೆ ನೇತುಹಾಕಿ, ಎಲೆ ಒಂದೂ ಬಿಡದೆ ಕಡ್ಡಿ ಮಾತ್ರ ಉಳಿಸುತ್ತದೆ. ಒಗರು, ಕಹಿ ಸೊಪ್ಪನ್ನು ಅರಗಿಸುವ ಶಕ್ತಿಯೂ ಕುರಿಗಿಂತ ಅದಕ್ಕೆ ಜಾಸ್ತಿ. ಸೊಪ್ಪನ್ನು ಎತ್ತರಕ್ಕೆ ಕಟ್ಟುವುದರಿಂದ ಇನ್ನೊಂದು ಲಾಭವೂ ಇದೆ. ಜಂತುಮರಿ ಇರುವುದು ನೆಲದ ಹುಲ್ಲಿನಲ್ಲಿ, ಕೊಂಬೆಯಲ್ಲಲ್ಲ.

ಹೋತದ ಗಬ್ಬು ಮೇವಿನಿಂದ ಬರುವುದಲ್ಲ. ಅದು ಬೆದೆಗೆ ಬಂದ ಗಂಡಿನ ಮೈಯಿಂದ ಬರುವುದು. ಮಾಂಸಕ್ಕೆ ಸಾಕುವ ಗಂಡು ಮರಿಯ ಬೀಜ ಚಿಕ್ಕಂದಿನಲ್ಲೇ ಒಡೆಸಿದರೆ ಅದು ತಪ್ಪುತ್ತದೆ. ಇದಕ್ಕೆ ಫೀಡು ಬದಲಾಯಿಸಿ ದುಡ್ಡು ಕಳೆಯಬೇಡಿ.

ಕೊನೆಯ ಎರಡು ದಿನ

ಆರು ತಿಂಗಳು ಚೆನ್ನಾಗಿ ತಿನ್ನಿಸಿದ್ದನ್ನು ಎರಡು ದಿನದಲ್ಲಿ ಹಾಳು ಮಾಡುವುದು ಸುಲಭ. ಕುರಿಯ ಮಾಂಸಖಂಡದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾಂಸದ ಪಿಎಚ್ 7ರ ಹತ್ತಿರದಿಂದ 5.5–5.8ಕ್ಕೆ ಇಳಿಯಬೇಕು. ಆಗಲೇ ಬಾಡು ಒಳ್ಳೇ ಬಣ್ಣಕ್ಕೆ ಬರುತ್ತದೆ, ತಾಳುತ್ತದೆ. ಲಗೇಜ್ ಆಟೋದಲ್ಲಿ ತುಂಬಿಕೊಂಡು ಹೋಗಿ, ಬಿಸಿಲಲ್ಲಿ ನಿಲ್ಲಿಸಿ, ಮೇವು ನೀರಿಲ್ಲದೆ ರಾತ್ರಿಯೆಲ್ಲಾ ಬೆದರಿಸಿ ಬೆಳಿಗ್ಗೆ ಕೊಯ್ದರೆ ಆ ದಾಸ್ತಾನು ಆಗಲೇ ಖಾಲಿಯಾಗಿರುತ್ತದೆ. ಪಿಎಚ್ 6ರ ಮೇಲೇ ನಿಂತುಬಿಡುತ್ತದೆ. ಮಾಂಸ ಕಪ್ಪಾಗಿ, ಬಿಗಿಯಾಗಿ, ಅಂಟಂಟಾಗಿ ಕಾಣುತ್ತದೆ, ಬೇಗ ಕೆಡುತ್ತದೆ. ಜನ ನೋಡಿ "ಮುದಿ ಕುರಿ" ಅನ್ನುತ್ತಾರೆ.

ಆದ್ದರಿಂದ ಸಾಗಿಸುವ ಹಿಂದಿನ ದಿನಗಳಲ್ಲಿ ಹೊಟ್ಟೆ ತುಂಬ ಮಾಮೂಲಿ ಮೇವು ಕೊಡಿ. ಹೊಸ ಮೇವು ಬೇಡ. ಜೊತೆಗೆ ಬೆಳೆದ ಕುರಿಗಳನ್ನು ಜೊತೆಯಲ್ಲೇ ಕಳಿಸಿ. ಕೊಯ್ಯುವ ಮುಂಚೆ ಮೇವು ತಡೆಹಿಡಿದರೂ ನೀರು ಕೊನೆಯವರೆಗೆ ಇರಲಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಮಾಡುವವರು ಕಡಿಮೆ. ಅದೇ ನನಗೆ ಬೇಜಾರು.

ಹಾಲು ಮಾರುವವರಿಗೆ

ಇಲ್ಲಿ ಲೆಕ್ಕ ತಿರುಗುಮುರುಗು. ಹಾಲಿನ ಕೊಬ್ಬು ಕಟ್ಟುವುದು ಮುಖ್ಯವಾಗಿ ಅಸಿಟಿಕ್ ಆಮ್ಲದಿಂದ, ಅದು ಬರುವುದು ನಾರಿನಿಂದ. "ಹಾಲು ಜಾಸ್ತಿ ಆಗ್ಲಿ" ಎಂದು ಫೀಡು ಏರಿಸುತ್ತಾ ಒಣಮೇವು ಇಳಿಸಿದರೆ ಅಳತೆ ಏರಬಹುದು, ಆದರೆ ಹಾಲು ತೆಳ್ಳಗಾಗುತ್ತದೆ. ಹಾಲು ಕೊಡುವ ಮೇಕೆಗೆ ಕೈಮೇವಿನ ಜೊತೆ ಉದ್ದನೆಯ ನಾರಿರುವ ಮೇವು, ಅಂದರೆ ರಾಗಿ ಹುಲ್ಲು, ಅವರೆ ಬಳ್ಳಿ, ಸೊಪ್ಪಿನ ಕೊಂಬೆ ದಿನವೂ ಇರಲೇಬೇಕು. ಅದು ಮೆಲುಕು ಹಾಕುತ್ತಾ ಮಲಗಿದ್ದರೆ ನಾರು ಸಾಕಷ್ಟು ಸಿಗುತ್ತಿದೆ ಎಂದು ಅರ್ಥ.

ವಾಸನೆಗೆ ಮುಖ್ಯ ಕಾರಣ ಮೇವು ಹಾಕುವ ಹೊತ್ತು. ಈರುಳ್ಳಿ ಸಿಪ್ಪೆ, ರಸಮೇವು (ಸೈಲೇಜ್), ಬೇವಿನ ಸೊಪ್ಪು ಇಂಥ ಘಾಟಿನ ಮೇವನ್ನು ಕರೆಯುವ ಮುಂಚೆ ಹಾಕಿದರೆ ವಾಸನೆ ರಕ್ತದಿಂದ, ಉಸಿರಿನಿಂದ ಹಾಲಿಗೆ ಇಳಿಯುತ್ತದೆ. ಕರೆದಾದ ಮೇಲೆ ಹಾಕಿ, ಮುಂದಿನ ಕರೆಯುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಹೋತವನ್ನು ದೂರ ಕಟ್ಟಿ. ಮೇಕೆ ಹಾಲು ಹಸುವಿನ ಹಾಲಿಗಿಂತ ಬಿಳುಪಾಗಿದೆ ಎಂದು ಗಿರಾಕಿ ಅನುಮಾನಪಟ್ಟರೆ, ಅದು ನೀರು ಬೆರೆಸಿದ್ದಲ್ಲ ಎಂದು ಹೇಳಿ. ಹಸಿರಿನ ಹಳದಿ ಬಣ್ಣವನ್ನು ಮೇಕೆ ತನ್ನ ಮೈಯಲ್ಲೇ ವಿಟಮಿನ್ ಎ ಆಗಿ ಬದಲಾಯಿಸಿಬಿಡುತ್ತದೆ.

ಹಾಲಿನ ವಿಷಯದಲ್ಲಿ ಯಾವುದಕ್ಕೂ ಬಗ್ಗಬಾರದಾದ ಒಂದು ಸಂಗತಿ ಬೂಷ್ಟು. ಮಳೆಗಾಲದಲ್ಲಿ ತೇವ ಹಿಡಿದ ಕಡ್ಲೆಕಾಯಿ ಹಿಂಡಿ, ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಮೇಕೆ ತಿಂದರೆ ಅದರ ಒಂದು ಪಾಲು ಎಂ1 ರೂಪದಲ್ಲಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಹಾಲಿನಲ್ಲಿ ಅದು ಕೆಜಿಗೆ 0.5 ಮೈಕ್ರೋಗ್ರಾಂ ದಾಟಬಾರದು. ಮೇಕೆ ಹಾಲು ಕುಡಿಯುವವರು ಹೆಚ್ಚಾಗಿ ಮಕ್ಕಳು, ಕಾಯಿಲೆಯವರು. ಬೂಷ್ಟು ಬಂದ ಹಿಂಡಿಯನ್ನು ಬಿಸಿಲಿಗೆ ಹಾಕಿ ಉಜ್ಜಿ ಕೊಡುವುದು ಬೇಡವೇ ಬೇಡ, ತಿಪ್ಪೆಗೆ ಹಾಕಿ.

ನಾಲೆ ಬದಿಯ ಹುಲ್ಲು ಮತ್ತು ಈಲಿ

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೇಸಿಗೆಯಲ್ಲೂ ಹಸಿರು ಸಿಗುತ್ತದೆ, ಅದು ನಮ್ಮ ಭಾಗ್ಯ. ಆದರೆ ನಾಲೆ ಬದಿ, ಗದ್ದೆ ತೆವರಿ, ಜೌಗಿನ ಹುಲ್ಲಿಗೆ ಒಂದು ಕಂಟಕವಿದೆ. ಆ ನೀರಿನ ಬಸವನಹುಳುಗಳಲ್ಲಿ ಬೆಳೆಯುವ ಚಪ್ಪಟೆ ಹುಳುವಿನ ಮರಿ ಹುಲ್ಲಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಕುರಿ ತಿಂದರೆ ಅದು ಈಲಿಗೆ (ಯಕೃತ್ತಿಗೆ) ಹೋಗಿ ಕೂರುತ್ತದೆ. ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುವುದು, ಕಣ್ಣಿನ ಒಳರೆಪ್ಪೆ ಬಿಳಚಿಕೊಳ್ಳುವುದು ಇದರ ಗುರುತು. ಕೊಯ್ದಾಗ ಈಲಿಯ ಪಿತ್ತನಾಳಗಳು ಹಗ್ಗದ ಹಾಗೆ ದಪ್ಪಗಾಗಿರುತ್ತವೆ, ಕುಯ್ದರೆ ಎಲೆಯಾಕಾರದ ಹುಳು ಹೊರಬರುತ್ತದೆ. ಆ ಈಲಿ ಬಿಸಾಡಬೇಕು. ಬಾಡೂ ನೀರುನೀರಾಗಿ ಸಪ್ಪೆ.

ಹಾಗಂತ ಆ ಹುಲ್ಲನ್ನು ಪೂರ್ತಿ ಬಿಡಬೇಕಿಲ್ಲ. ಕುರಿಯನ್ನು ಅಲ್ಲಿಗೆ ಬಿಡುವ ಬದಲು ಹುಲ್ಲನ್ನು ನೀರಿನ ಮಟ್ಟದಿಂದ ಗೇಣು ಮೇಲೆ ಕೊಯ್ದು, ಬಿಸಿಲಲ್ಲಿ ಚೆನ್ನಾಗಿ ಗರಿಗರಿ ಒಣಗಿಸಿ ಹಾಕಿ. ಪಶುವೈದ್ಯರು ಹೇಳಿದ ಹಂಗಾಮಿನಲ್ಲಿ ಔಷಧಿ ಕುಡಿಸಿ. ಕುಡಿಸಿದ ಮೇಲೆ ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಹಾಲನ್ನೂ ಬಾಡನ್ನೂ ಮಾರಬಾರದು. ಗದ್ದೆಗೆ ಔಷಧಿ ಹೊಡೆದ ವಾರದಲ್ಲಿ ತೆವರಿ ಹುಲ್ಲು ಕೊಯ್ಯಲೇಬೇಡಿ.

ನಮ್ಮಲ್ಲಿ ಸಿಗುವ ಮೇವು

ಇದರಲ್ಲಿ ನನ್ನ ಮೊದಲ ಆಯ್ಕೆ ಹಿಪ್ಪುನೇರಳೆ ಸೊಪ್ಪು. ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ತಿಂದು ಬಿಟ್ಟ ಕಡ್ಡಿ–ಸೊಪ್ಪು ಬೇಕಾದಷ್ಟು ಸಿಗುತ್ತದೆ. ಒಣ ಲೆಕ್ಕದಲ್ಲಿ, ಅಂದರೆ ನೀರಿನಂಶ ಬಿಟ್ಟು ನೋಡಿದರೆ, ಈ ಸೊಪ್ಪಿನಲ್ಲಿ 15ರಿಂದ 20 ಶೇಕಡಾ ಪ್ರೋಟೀನು ಇರುತ್ತದೆ, ಸುಲಭವಾಗಿ ಅರಗುತ್ತದೆ, ಕುರಿಯೂ ಮೇಕೆಯೂ ಆಸೆಪಟ್ಟು ತಿನ್ನುತ್ತವೆ. ಆದರೆ ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕು ನಿವಾರಕ ಪುಡಿ ಉದುರಿಸಿರುತ್ತಾರೆ. ಅಂಥ ಸೊಪ್ಪು ಬೇಡ. ಹುಳು ಹಣ್ಣಾಗುವ ಹೊತ್ತಿನಲ್ಲಿ ಮಿಕ್ಕ, ಹಾಸಿಗೆ ಮುಟ್ಟದ ಸೊಪ್ಪು ಕೇಳಿ ತನ್ನಿ.

ಕಬ್ಬಿನ ಸೋಗೆ ಮಂಡ್ಯದಲ್ಲಿ ಬಿಟ್ಟಿ ಮೇವು. ಕಬ್ಬು ಕಡಿಯುವ ಕಾಲದಲ್ಲಿ ಎಲ್ಲಾ ಕೊಟ್ಟಿಗೆಯಲ್ಲೂ ಅದೇ. ಹೊಟ್ಟೆ ತುಂಬುತ್ತದೆ, ಪ್ರೋಟೀನು ಮಾತ್ರ 5–6 ಶೇಕಡಾ ಅಷ್ಟೇ. ಆಕ್ಸಲೇಟ್ ಅಂಶವಿದ್ದು ಮೈಯ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಸೋಗೆಯೊಂದನ್ನೇ ತಿಂದ ಟಗರು ಹೊಟ್ಟೆ ಬಿಡುತ್ತದೆ, ಬೆನ್ನು ಬಿಡುವುದಿಲ್ಲ. ಸಣ್ಣಗೆ ಕತ್ತರಿಸಿ ಸೊಪ್ಪು, ಹೊಟ್ಟು, ಖನಿಜ ಮಿಶ್ರಣದ ಜೊತೆ ಕೊಟ್ಟರೆ ಪರವಾಗಿಲ್ಲ.

ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಯಾವಾಗಲೂ ಮೇಲು. ಎರಡಕ್ಕಿಂತ ಮೇಲು ಅವರೆ, ಹುರುಳಿ, ತೊಗರಿ ಹೊಟ್ಟು ಮತ್ತು ಕಡ್ಲೆಕಾಯಿ ಬಳ್ಳಿ. ಒಕ್ಕಣೆ ಕಾಲದಲ್ಲಿ ಅಗ್ಗಕ್ಕೆ ಸಿಕ್ಕಾಗ ವರ್ಷಕ್ಕಾಗುವಷ್ಟು ತುಂಬಿಟ್ಟುಕೊಳ್ಳಿ. ಮೂಟೆ ಫೀಡಿಗೆ ಹಾಕುವ ದುಡ್ಡಿನಲ್ಲಿ ಅರ್ಧವನ್ನು ಹೊಟ್ಟಿಗೆ ಹಾಕಿದರೆ ಬಾಡೂ ಚೆನ್ನಾಗಿರುತ್ತದೆ, ಕುರಿಯೂ.

ಬೆಳೆಯುವ ಮೇವಿನಲ್ಲಿ ಆಫ್ರಿಕನ್ ಟಾಲ್ ಮುಸುಕಿನ ಜೋಳ, ನೇಪಿಯರ್ ಹುಲ್ಲಿನ ಸಿಒ ತಳಿಗಳು, ಬೇಲಿ ಮೆಂತೆ ಎಲ್ಲರಿಗೂ ಗೊತ್ತು. ನೇಪಿಯರನ್ನು 40–45 ದಿನಕ್ಕೊಮ್ಮೆ ಕೊಯ್ಯದೆ ಬಿಟ್ಟರೆ ಕುರಿಗೆ ಅದು ಹುಲ್ಲಲ್ಲ, ಕಡ್ಡಿ. ಬೇಲಿ ಮೆಂತೆಯನ್ನು ಅದರ ಜೊತೆ ಬೆರೆಸಿದರೆ ಪ್ರೋಟೀನು ಸರಿಹೋಗುತ್ತದೆ. ಸುಬಾಬುಲ್ ಒಳ್ಳೆಯದೇ, ಆದರೆ ಅದರಲ್ಲಿ ಮಿಮೋಸಿನ್ ಇದೆ, ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರಬಾರದು, ಮೀರಿದರೆ ಕೂದಲು ಉದುರುತ್ತದೆ. ಎಳೇ ಜೋಳದ ಪೈರಿನಲ್ಲಿ ಸಯನೈಡ್ ಇರುತ್ತದೆ, ಅದಕ್ಕೆ ಬಾಯಿ ಹಾಕಿಸಬೇಡಿ. ಮೇವಿನ ಬೀಜ, ತುಂಡುಗಳ ಬಗ್ಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಮೈಸೂರು ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಬಂಡೂರು ತಳಿಯ ಬಗ್ಗೆ ತಿಳಿಯಬೇಕಾದರೆ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವೇ ಇದೆ.

ಇನ್ನು ಕೈಮೇವು. ಮನೆಯಲ್ಲೇ ಬೆರೆಸಿಕೊಳ್ಳುವವರಿಗೆ 100 ಕೆಜಿಗೆ ಒಂದು ಲೆಕ್ಕ: ನುಚ್ಚು ಮಾಡಿದ ಮುಸುಕಿನ ಜೋಳ 45, ಕಡ್ಲೆಕಾಯಿ ಹಿಂಡಿ 20, ಗೋಧಿ ಬೂಸಾ 20, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು–ಸಿಪ್ಪೆ) 12, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನು 17 ಶೇಕಡಾ ಹತ್ತಿರ ಬರುತ್ತದೆ. 25 ಕೆಜಿಯ ಕುರಿ ದಿನಕ್ಕೆ ಒಣ ಲೆಕ್ಕದಲ್ಲಿ ಒಂದು ಕೆಜಿಯಷ್ಟು ತಿನ್ನುತ್ತದೆ. ಅಂದರೆ ಹಸಿರು ಎರಡೂವರೆ ಕೆಜಿ, ಹೊಟ್ಟು 300 ಗ್ರಾಂ, ಈ ಮಿಶ್ರಣ 200ರಿಂದ 250 ಗ್ರಾಂ ಸಾಕು. ಹೊರಗೆ ಮೇಯ್ದು ಬಂದರೆ ಹಸಿರು ಅಷ್ಟು ಬೇಕಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಹಸುವಿಗೆ ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕುವ ರೂಢಿ ಇದೆ. ಅದರಲ್ಲಿ ತಾಮ್ರ ಜಾಸ್ತಿ. ಮೇಕೆ ಒಂದಿಷ್ಟು ತಾಳುತ್ತದೆ, ಕುರಿ ತಾಳುವುದಿಲ್ಲ. ತಾಮ್ರ ತಿಂಗಳುಗಟ್ಟಲೆ ಈಲಿಯಲ್ಲಿ ಸೇರಿ ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆಯಾಗಿ ಕುರಿ ಸಾಯುತ್ತದೆ. ಕುರಿಗೆಂದೇ ಬರೆದಿರುವ ಮಿಶ್ರಣ ಕೇಳಿ ತನ್ನಿ. ಎರಡನೆಯದು, ಟಗರಿಗೆ ಬೂಸಾ ಮತ್ತು ಕಾಳು ಅತಿಯಾದರೆ ರಂಜಕ ಏರಿ ಮೂತ್ರದ ದಾರಿಯಲ್ಲಿ ಕಲ್ಲು ಕಟ್ಟುತ್ತದೆ. ಕ್ಯಾಲ್ಸಿಯಂ ರಂಜಕದ ಎರಡರಷ್ಟು ಇರಬೇಕು, ನೀರು ಸದಾ ಮುಂದಿರಬೇಕು. ಬಕ್ರೀದಿಗೆ ಮೂಟೆ ಫೀಡಿನಲ್ಲೇ ಟಗರು ಬೆಳೆಸುವವರು ಹಬ್ಬದ ಹೊಸ್ತಿಲಲ್ಲಿ ಕಳೆದುಕೊಳ್ಳುವುದು ಬಹಳ ಸಲ ಇದರಿಂದಲೇ.

ಉಣ್ಣೆ ನಮ್ಮ ಕಡೆ ದುಡ್ಡಿನ ಬಾಬತ್ತಲ್ಲ, ಬಂಡೂರು ಕುರಿಯದು ಬರೀ ಒರಟು ಕೂದಲು. ಗೊಬ್ಬರ ಮಾತ್ರ ದೊಡ್ಡ ಬಾಬತ್ತು. ಗದ್ದೆಯಲ್ಲಿ ಮಂದೆ ನಿಲ್ಲಿಸಿದವರಿಗೆ ಅದರ ಬೆಲೆ ಗೊತ್ತು. ಮೇವು ಚೆನ್ನಾಗಿದ್ದರೆ ಹಿಕ್ಕೆಯಲ್ಲೂ ಸಾರ ಇರುತ್ತದೆ. ಒಗರು ಸೊಪ್ಪು ತಿಂದರೆ ಸಾರಜನಕ ಗಂಜಲಕ್ಕಿಂತ ಹಿಕ್ಕೆಯಲ್ಲಿ ಜಾಸ್ತಿ ಉಳಿಯುತ್ತದೆ, ಗಾಳಿಗೆ ಹಾರಿಹೋಗುವುದು ಕಡಿಮೆ.

ಯಾರಿಗೆ ಯಾವುದು

ಮೇಯಿಸಲು ಬಯಲು, ಕೂಳೆ ಗದ್ದೆ, ಒಬ್ಬ ಆಳು ಇದ್ದರೆ ಹೊರಗಿನ ಮೇವನ್ನು ಬಿಡಬೇಡಿ. ಮಾರುವ ಮುಂಚಿನ ಎರಡು–ಮೂರು ತಿಂಗಳು ಮಾತ್ರ ಸಂಜೆ ಹೊಟ್ಟು, ಕೈಮೇವು ಸೇರಿಸಿ. ಗುಡ್ಡೆ ಬಾಡಿಗೆ, ಬಂಡೂರು ರುಚಿ ಕೇಳಿ ಬರುವ ಗಿರಾಕಿಗೆ ಇದಕ್ಕಿಂತ ಒಳ್ಳೆಯ ಬಾಡು ಸಿಗುವುದಿಲ್ಲ. ಜಾಗ, ಆಳು ಎರಡೂ ಇಲ್ಲದವರು ಕಟ್ಟಿ ಸಾಕಿ, ಆದರೆ ಮೊದಲು ಸೊಪ್ಪಿನ ಗಿಡ ನೆಟ್ಟು ಆಮೇಲೆ ಕುರಿ ತನ್ನಿ. ಅಟ್ಟಣಿಗೆಗೆ ಲಕ್ಷಗಟ್ಟಲೆ ಹಾಕಿ ಮೇವಿಗೆ ಪೂರ್ತಿ ಅಂಗಡಿ ನಂಬಿಕೊಂಡವರು ಉಳಿಯುವುದು ಕಷ್ಟ. ಸಂತೆಯಲ್ಲಿ ತೂಕಕ್ಕೆ ಮಾರುವವರು ಕಾಳಿನ ಪಾಲು ಏರಿಸಬಹುದು. ಆಗಲೂ ಒಣ ಲೆಕ್ಕದಲ್ಲಿ ಒಟ್ಟು ಮೇವಿನ ಅರ್ಧಕ್ಕಿಂತ ಮೇಲೆ ಹೋಗಬೇಡಿ. ಮೇಕೆ ಸಾಕುವವರಿಗೆ ಬಾಡಿಗಾಗಲಿ ಹಾಲಿಗಾಗಲಿ ಸೊಪ್ಪೇ ಮೊದಲು. ಕೈಮೇವು ಬಾಡಿನ ಮೇಕೆಗೆ ಮರಿ ಕಾಲದಲ್ಲಿ, ಹಾಲಿನ ಮೇಕೆಗೆ ಕರೆಯುವ ಕಾಲದಲ್ಲಿ.

ಯಾವ ದಾರಿ ಹಿಡಿದರೂ ಒಮ್ಮೆಗೇ ಬದಲಾಯಿಸಬೇಡಿ. ಹುಲ್ಲು ತಿನ್ನುತ್ತಿದ್ದ ಕುರಿಗೆ ಹಠಾತ್ತಾಗಿ ಕಾಳು ಸುರಿದರೆ, ಮದುವೆ ಮನೆಯಲ್ಲಿ ಮಿಕ್ಕ ಅನ್ನ ಹಾಕಿದರೆ ಮೊದಲ ಹೊಟ್ಟೆ ಹುಳಿಯಾಗಿ ಒಂದೇ ರಾತ್ರಿಯಲ್ಲಿ ಕುರಿ ಮಲಗಿಬಿಡುತ್ತದೆ. ಮೊದಲ ದಿನ 50 ಗ್ರಾಂನಿಂದ ಶುರುಮಾಡಿ, ಎರಡು ವಾರದಲ್ಲಿ ಪೂರ್ತಿ ಅಳತೆಗೆ ತನ್ನಿ. ಕರುಳುಬೇನೆಗೆ ಹಾಕುವ ಇ.ಟಿ. ಲಸಿಕೆಯನ್ನು ಕೈಮೇವು ಶುರುವಾಗುವ ಮುಂಚೆಯೇ ಹಾಕಿಸಿ. ಕಾಳು ತಿಂದು ದುಂಡಗೆ ಬೆಳೆದ ಮರಿಗಳಿಗೇ ಆ ಬೇನೆ ಮೊದಲು ಬರುವುದು.